ಆಲೆ ಮರದ ಹೆಸರಿನಲ್ಲಿರುವ ನೀಲಿ

ಚನ್ನಪಟ್ಟಣದ ಗೊಂಬೆಗೆ ಮೈಯಾಗುವ ಮರ ಅಪ್ಪಟ ಬಿಳಿ. ಅದರ ಲ್ಯಾಟಿನ್ ಹೆಸರು ಮಾತ್ರ 'ಬಣ್ಣಗಾರರದು' ಎಂದು ಹೇಳುತ್ತದೆ. ಇಂಗ್ಲಿಷಿನ 'ಟಿಂಕ್ಟೋರಿಯಲ್' ಎಂಬ ಗುಣವಾಚಕದ ಬೇರು ಹಿಡಿದು ಹೊರಟರೆ ರೋಮಿನ ಬಣ್ಣದ ತೊಟ್ಟಿ, ಕಂಪನಿ ಸರ್ಕಾರದ ನೀಲಿ ವ್ಯಾಪಾರ, ಟಿಂಚರ್ ಬಾಟಲಿ, ಹೊಂಗನೂರಿನ ಹೊಲದ ಬದು ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಲೇತ್ ತಿರುಗುತ್ತಿದೆ. ಅದಕ್ಕೆ ಸಿಕ್ಕಿಸಿದ ಆಲೆ ಮರದ ತುಂಡಿನ ಮೇಲೆ ಉಳಿ ಆಡಿದಂತೆಲ್ಲ ಬಿಳಿಯ ಸಿಪ್ಪೆ ಸುರುಳಿಯಾಗಿ ಎದ್ದು ಕೆಳಗೆ ಬೀಳುತ್ತದೆ. ನೋಡನೋಡುತ್ತಲೇ ತುಂಡಿಗೆ ಬುಗುರಿಯ ಹೊಟ್ಟೆ ಬರುತ್ತದೆ, ಕುತ್ತಿಗೆ ಬರುತ್ತದೆ. ಉಳಿಯನ್ನು ಕೆಳಗಿಟ್ಟ ಕುಶಲಕರ್ಮಿ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಬಿಳಿ ಇದ್ದದ್ದು ಕೆಂಪಾಗುತ್ತದೆ. ಒಣಗಿದ ತಾಳೆಗರಿಯನ್ನು ಮಡಚಿ ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ, ಹೊಳಪು ಏರುತ್ತದೆ.

ನವರಾತ್ರಿಯಲ್ಲಿ ಮನೆಮನೆಯಲ್ಲಿ ಗೊಂಬೆ ಕೂರಿಸುವ ಹೊತ್ತಿಗೆ ಚನ್ನಪಟ್ಟಣದ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಬೆಂಗಳೂರು–ಮೈಸೂರು ಹಳೆಯ ರಸ್ತೆಯ ಬದಿಯಲ್ಲಿ ಗಿಲಕಿ, ರೈಲು, ಎತ್ತಿನಗಾಡಿ, ಚಕ್ರದ ಆನೆ ಸಾಲು ಹಿಡಿಯುತ್ತವೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಹೊಳಪು ನೋಡುತ್ತಾರೆ. ಒಳಗಿರುವ ಮರದ ಹೆಸರು ಕೇಳುವವರು ಕಡಿಮೆ.

ಊರಿನವರಿಗೆ ಅದು ಆಲೆ ಮರ. ಕೆಲವೆಡೆ ಹಾಲೆ ಎನ್ನುತ್ತಾರೆ. ಆಲದ ಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇದರ ಹೆಸರು ರೈಟಿಯಾ ಟಿಂಕ್ಟೋರಿಯಾ. ಮೊದಲ ಪದ ಒಬ್ಬ ಮನುಷ್ಯನ ನೆನಪಿಗೆ ಇಟ್ಟದ್ದು. ಎರಡನೆಯದು ಗುಣವಾಚಕ. 'ಬಣ್ಣಗಾರರಿಗೆ ಸೇರಿದ್ದು, ಬಣ್ಣ ಹಾಕುವ ಕೆಲಸಕ್ಕೆ ಒದಗುವುದು' ಎಂಬುದು ಅದರ ಅರ್ಥ. ಇಂಗ್ಲಿಷಿನಲ್ಲಿ ಇದೇ ಪದ 'ಟಿಂಕ್ಟೋರಿಯಲ್' ಎಂದಾಗಿದೆ.

ಮರದ ತಿರುಳು ಬಿಳಿ, ಗೊಂಬೆಯ ಮೇಲಿನ ಬಣ್ಣ ಅರಗಿನದು. ಹಾಗಿರುವಾಗ ಮರದ ಹೆಸರಿಗೆ ಬಣ್ಣ ಅಂಟಿದ್ದು ಎಲ್ಲಿಂದ?

ಅದ್ದುವ ಕ್ರಿಯಾಪದ

ಎಲ್ಲಕ್ಕೂ ಮೂಲ ಲ್ಯಾಟಿನ್ನಿನ 'ಟಿಂಗೆರೆ' ಎಂಬ ಕ್ರಿಯಾಪದ. ಒದ್ದೆ ಮಾಡು, ಅದ್ದು ಎಂಬುದು ಅದರ ಮೊದಲ ಅರ್ಥ. ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಅದ್ದುವುದೇ ಬಣ್ಣ ಹಾಕುವ ದಾರಿಯಾದ್ದರಿಂದ 'ಬಣ್ಣ ಹಾಕು' ಎಂಬ ಅರ್ಥ ಆಮೇಲೆ ಸೇರಿಕೊಂಡಿತು. ಕನ್ನಡದಲ್ಲಿಯೂ ನೂಲನ್ನು ಬಣ್ಣಕ್ಕೆ ಅದ್ದುವುದು ಎನ್ನುವ ಮಾತು ಸಹಜವಾಗಿಯೇ ಬರುತ್ತದೆ.

ಈ ಧಾತುವಿನ ನೆಂಟರು ಬೇರೆ ಭಾಷೆಗಳಲ್ಲೂ ಇದ್ದಾರೆ. ಗ್ರೀಕಿನಲ್ಲಿ 'ಟೆಂಗೆಯ್ನ್' ಎಂದರೆ ಒದ್ದೆ ಮಾಡು. ಜರ್ಮನ್ನಿನಲ್ಲಿ 'ಟುಂಕೆನ್' ಎಂದರೆ ಅದ್ದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಕುಟುಂಬಗಳ ಬಾಯಿಂದ ಅದು ಇಂಗ್ಲಿಷಿಗೆ 'ಡಂಕ್' ಆಗಿ ಇಳಿಯಿತು. ಚಹಾಕ್ಕೆ ಬಿಸ್ಕತ್ತು ಅದ್ದುವುದಕ್ಕೂ ಬಾಸ್ಕೆಟ್‌ಬಾಲನ್ನು ಬುಟ್ಟಿಗೆ ಇಳಿಸುವುದಕ್ಕೂ ಇಂದು ಅದೇ ಪದ.

ಲ್ಯಾಟಿನ್ ಕ್ರಿಯಾಪದದ ಭೂತಕೃದಂತ ರೂಪ 'ಟಿಂಕ್ಟುಸ್', ಅಂದರೆ ಅದ್ದಲಾದದ್ದು, ಬಣ್ಣ ಹತ್ತಿದ್ದು. ಬಣ್ಣ ಹಾಕುವವನು 'ಟಿಂಕ್ಟೋರ್'. ಆ ಟಿಂಕ್ಟೋರನಿಗೆ ಸೇರಿದ್ದೆಲ್ಲ 'ಟಿಂಕ್ಟೋರಿಯುಸ್'. ಅವನ ತೊಟ್ಟಿ, ಅವನ ಬೇರು, ಅವನ ಎಲೆ ಯಾವುದಕ್ಕೂ ಈ ವಿಶೇಷಣ ಹೊಂದುತ್ತದೆ.

ಕೊನೆಯ ಪ್ರತ್ಯಯದ ಪರಿಚಯ ಕನ್ನಡಿಗರಿಗೆ ಆಗಲೇ ಇದೆ. ಕೇಳುವವರಿಗೆ ಸೇರಿದ ಜಾಗ ಆಡಿಟೋರಿಯಂ, ಗುಣಪಡಿಸುವ ಜಾಗ ಸ್ಯಾನಟೋರಿಯಂ, ಸುಡುವ ಜಾಗ ಕ್ರಿಮಟೋರಿಯಂ. ಇವೆಲ್ಲವೂ ಮೂಲದಲ್ಲಿ ಗುಣವಾಚಕಗಳ ನಪುಂಸಕಲಿಂಗ ರೂಪಗಳು. ಅದೇ ಅಚ್ಚಿನಲ್ಲಿ ಎರಕ ಹೊಯ್ದರೆ ಬಣ್ಣಗಾರರದು 'ಟಿಂಕ್ಟೋರಿಯಂ' ಆಗುತ್ತದೆ. ಆಲೆ ಮರಕ್ಕೆ ಮೊದಲು ಬಂದ ಹೆಸರಿನಲ್ಲಿ ಇದ್ದದ್ದೂ ಇದೇ ರೂಪ.

> ಒಂದೇ ತೊಟ್ಟಿಯ ಪದಗಳು
>
> ಟಿಂಚರ್: ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್‌ನಲ್ಲಿರುವ ಈ ಪದ ಲ್ಯಾಟಿನ್ನಿನ 'ಟಿಂಕ್ಟೂರಾ'. ಮೊದಲು ಬಣ್ಣ ಹಾಕುವ ಕ್ರಿಯೆ, ಆಮೇಲೆ ಮದ್ಯಸಾರದಲ್ಲಿ ಕರಗಿಸಿದ ಔಷಧದ ಸಾರ.
>
> ಟಿಂಟ್: ಕಾರಿನ ಗಾಜಿಗೆ, ತಲೆಗೂದಲಿಗೆ ಹಾಕುವ ತೆಳು ಬಣ್ಣ. ಇಟಾಲಿಯನ್ನಿನ 'ಟಿಂಟಾ' ಇದರ ರೂಪವನ್ನು ತಿದ್ದಿದೆ.
>
> ಟಿಂಜ್: ಬಣ್ಣದ ಸುಳಿವು, ಛಾಯೆ. ನೇರವಾಗಿ ಟಿಂಗೆರೆಯಿಂದಲೇ ಬಂದದ್ದು.
>
> ಟೇಂಟ್: ಕಳಂಕ. ಬಣ್ಣ ಎಂಬ ಅರ್ಥದ ಹಳೆಯ ಫ್ರೆಂಚ್ ಪದಕ್ಕೆ 'ತಗುಲು' ಎಂಬ ಅರ್ಥದ ಇನ್ನೊಂದು ಪದ ಬೆರೆತು ಹುಟ್ಟಿದ್ದು.
>
> ಡಿಸ್ಟಿಂಕ್ಟ್, ಎಕ್ಸ್‌ಟಿಂಕ್ಟ್: ಕಿವಿಗೆ ಇದೇ ಮನೆಯವರಂತೆ ಕೇಳಿಸಿದರೂ ಅಲ್ಲ. ಅವುಗಳ ಧಾತು ಬೇರೆ.

ವಿಶೇಷಣದ ಬಾಲ

ಕನ್ನಡದ ಗುಣವಾಚಕ ನೆಮ್ಮದಿಯದು. ಕೆಂಪು ಸೀರೆ, ಕೆಂಪು ಎತ್ತು, ಕೆಂಪು ಮಣ್ಣು: ಮುಂದೆ ಯಾವ ಪದ ಬಂದರೂ 'ಕೆಂಪು' ಅಲುಗುವುದಿಲ್ಲ. ಲ್ಯಾಟಿನ್ನಿನಲ್ಲಿ ಹಾಗಿಲ್ಲ. ನಾಮಪದದ ಲಿಂಗ ನೋಡಿ ಗುಣವಾಚಕ ತನ್ನ ಬಾಲ ಬದಲಿಸಬೇಕು. ಪುಲ್ಲಿಂಗವಾದರೆ ಟಿಂಕ್ಟೋರಿಯುಸ್, ಸ್ತ್ರೀಲಿಂಗವಾದರೆ ಟಿಂಕ್ಟೋರಿಯಾ, ನಪುಂಸಕವಾದರೆ ಟಿಂಕ್ಟೋರಿಯಂ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ. ಸುಂದರಃ, ಸುಂದರೀ, ಸುಂದರಂ ಎಂಬಲ್ಲಿಯೂ ಇದೇ ನಡೆ.

ಸಸ್ಯಗಳ ಹೆಸರಿಗೆ ಈ ನಿಯಮ ಇಂದಿಗೂ ಕಡ್ಡಾಯ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಪ್ರಕಟಿಸಿದ 'ಸ್ಪೀಶೀಸ್ ಪ್ಲಾಂಟಾರಂ' ಗ್ರಂಥದಿಂದ ಗಟ್ಟಿಯಾದ ಎರಡು ಪದಗಳ ಹೆಸರಿಡುವ ಪದ್ಧತಿಯಲ್ಲಿ ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು. ಎರಡನೆಯದು ಗುಣವಾಚಕವಾಗಿದ್ದರೆ ಮೊದಲನೆಯದರ ಲಿಂಗಕ್ಕೆ ಹೊಂದಲೇಬೇಕು. ಗಿಡವನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸೇರಿಸಿದಾಗ ಎರಡನೆಯ ಪದ ಸಾಮಾನ್ಯವಾಗಿ ಜೊತೆಯಲ್ಲೇ ಹೋಗುತ್ತದೆ, ಬಾಲ ಮಾತ್ರ ಬದಲಾಗುತ್ತದೆ.

ಆಲೆ ಮರಕ್ಕೂ ಆದದ್ದು ಅದೇ. ಅದರ ಕಥೆ ಆಂಧ್ರದ ಕರಾವಳಿಯಿಂದ ಆರಂಭವಾಗುತ್ತದೆ.

ಎಲೆಯಲ್ಲಿ ನೀಲಿ ಕಂಡ ವೈದ್ಯ

ವಿಲಿಯಂ ರಾಕ್ಸ್‌ಬರ್ಗ್ (1751–1815) ಸ್ಕಾಟ್ಲೆಂಡಿನವನು. ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನಾಗಿ ಬಂದು ಗೋದಾವರಿ ಸೀಮೆಯ ಸಾಮರ್ಲಕೋಟೆಯಲ್ಲಿ ನೆಲೆ ನಿಂತ. ಚಿಕಿತ್ಸೆಗಿಂತ ಗಿಡಗಳ ಮೇಲೆ ಅವನಿಗೆ ಹೆಚ್ಚು ಒಲವು. ಸ್ಥಳೀಯ ಚಿತ್ರಕಾರರಿಂದ ಗಿಡಗಳ ಚಿತ್ರ ಬರೆಸಿದ, ಬೀಜ ಕೂಡಿಸಿದ, ಬೆಳೆದು ನೋಡಿದ. 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿ ಹೋದ. ಭಾರತದ ಸಸ್ಯಗಳ ಲ್ಯಾಟಿನ್ ಹೆಸರುಗಳಲ್ಲಿ ಅವನು ಇಟ್ಟವು ಲೆಕ್ಕವಿಲ್ಲದಷ್ಟಿವೆ.

ಆ ಕಾಲದಲ್ಲಿ ನೀಲಿಗೆ ಹಣದ ಬೆಲೆ. ಅಮೆರಿಕದ ವಸಾಹತುಗಳು ಬ್ರಿಟನ್ನಿನ ಕೈತಪ್ಪಿದ್ದವು. ಕೆರೀಬಿಯನ್ ಸಮುದ್ರದ ಸೇಂಟ್ ಡೊಮಿಂಗೊ ದ್ವೀಪದ ನೀಲಿ ತೋಟಗಳು 1791ರ ಗುಲಾಮರ ದಂಗೆಯಲ್ಲಿ ಹಾಳಾದವು. ಯುರೋಪಿನ ಬಟ್ಟೆಗೆ ನೀಲಿ ಬೇಕಿತ್ತು. ಕಂಪನಿ ಭಾರತದತ್ತ ತಿರುಗಿತು. ಅದೇ ನೀಲಿ ಮುಂದೆ ಬಂಗಾಳದ ರೈತರ ಕಣ್ಣೀರಾಗಿ, 1859ರ ನೀಲಿ ದಂಗೆಗೂ 1917ರ ಚಂಪಾರಣ ಸತ್ಯಾಗ್ರಹಕ್ಕೂ ಕಾರಣವಾಯಿತು.

ನೀಲಿ ಗಿಡವಲ್ಲದೆ ಬೇರೆಲ್ಲಿ ನೀಲಿ ಸಿಕ್ಕೀತು ಎಂದು ಹುಡುಕುತ್ತಿದ್ದ ರಾಕ್ಸ್‌ಬರ್ಗ್‌ಗೆ ಗುಡ್ಡಗಾಡಿನ ಒಂದು ಮರದ ಎಲೆಯಲ್ಲಿ ಅದು ಕಂಡಿತು. ಗಾಯವಾದರೆ ಹಾಲು ಒಸರುವ, ಬಿಳಿ ಹೂ ಬಿಡುವ, ಉದ್ದನೆಯ ಕಾಯಿ ಜೋಡಿಯಾಗಿ ತೂಗುವ ಮರ ಅದು. ಕಣಗಿಲೆಯ ಕುಲವಾದ ನೇರಿಯಂಗೆ ಅದನ್ನು ಸೇರಿಸಿ 'ನೇರಿಯಂ ಟಿಂಕ್ಟೋರಿಯಂ' ಎಂದು ಕರೆದ. ನೇರಿಯಂ ನಪುಂಸಕಲಿಂಗ, ಆದ್ದರಿಂದ ವಿಶೇಷಣವೂ ನಪುಂಸಕವಾಯಿತು.

ಹೆಸರು ಬಹಳ ಕಾಲ ಹಾಗೆಯೇ ಉಳಿಯಲಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಚಲನೆಯಿಂದ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1811ರ ಹೊತ್ತಿಗೆ ಈ ಮರಗಳನ್ನು ಕಣಗಿಲೆಯಿಂದ ಬೇರ್ಪಡಿಸಿ ಹೊಸ ಕುಲ ಮಾಡಿದ. ಜಮೈಕಾದಲ್ಲಿ ವೈದ್ಯನಾಗಿದ್ದುಕೊಂಡು ಗಿಡಗಳನ್ನು ಅಭ್ಯಾಸ ಮಾಡಿದ ಸ್ಕಾಟಿಷ್ ವಿದ್ವಾಂಸ ವಿಲಿಯಂ ರೈಟ್ (1735–1819) ಹೆಸರನ್ನು ಅದಕ್ಕಿಟ್ಟ. ರೈಟಿಯಾ ಸ್ತ್ರೀಲಿಂಗ. ಟಿಂಕ್ಟೋರಿಯಂ ಹೋಗಿ ಟಿಂಕ್ಟೋರಿಯಾ ಬಂತು.

ಹೀಗೆ ಕುಲದ ಹೆಸರು ಬದಲಾದರೂ ಬಣ್ಣದ ವಿಶೇಷಣ ಮರವನ್ನು ಬಿಡಲಿಲ್ಲ. ಈಗಲೂ ಅದು ನುಡಿಯುವುದು ಎಲೆಯ ಮಾತು. ತೊಗಟೆ, ತಿರುಳು, ಗೊಂಬೆ ಇವುಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಸಿರು ಎಲೆ, ಬಿಸಿನೀರು

ಎಲೆಯಲ್ಲಿ ನೀಲಿ ನೀಲಿಯಾಗಿಯೇ ಇರುವುದಿಲ್ಲ. ನೀಲಿ ಕೊಡುವ ಗಿಡಗಳ ಎಲೆಯೊಳಗಿರುವುದು ಬಣ್ಣವಿಲ್ಲದ, ಸಕ್ಕರೆಗೆ ಕಟ್ಟಿಕೊಂಡ ಒಂದು ಸಂಯುಕ್ತ. ನೀರಿನಲ್ಲಿ ನೆನೆದಾಗ ಆ ಕಟ್ಟು ಬಿಚ್ಚುತ್ತದೆ. ಬಿಡುಗಡೆಯಾದ ಅಂಶ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು ನೀಲಿಯಾಗಿ ತಳಕ್ಕೆ ಇಳಿಯುತ್ತದೆ. ಅದನ್ನು ಸೋಸಿ, ಕುದಿಸಿ, ಒತ್ತಿ, ಒಣಗಿಸಿದರೆ ನೀಲಿಯ ಬಿಲ್ಲೆ.

ನೀಲಿ ಗಿಡವನ್ನು ತಣ್ಣೀರಿನ ತೊಟ್ಟಿಯಲ್ಲಿ ಕೊಳೆಹಾಕಿದರೆ ಸಾಕಾಗುತ್ತಿತ್ತು. ಆಲೆಯ ಎಲೆಗೆ ಬಿಸಿನೀರು ಬೇಕು ಎಂದು ರಾಕ್ಸ್‌ಬರ್ಗ್ ಕಂಡುಕೊಂಡ. ಹೀಗೆ ತೆಗೆದ ಬಣ್ಣಕ್ಕೆ ದಕ್ಷಿಣದಲ್ಲಿ 'ಪಾಲಾ ಇಂಡಿಗೋ' ಎಂಬ ಹೆಸರು ನಿಂತಿತು.

ಆಲೆಯ ನೀಲಿ ನೀಲಿ ಗಿಡದ ಜಾಗವನ್ನು ಕಸಿಯಲಿಲ್ಲ. ಬಿಸಿನೀರಿಗೆ ಸೌದೆ ಬೇಕು, ಮರ ಎಲೆ ತುಂಬಿಕೊಳ್ಳಲು ವರ್ಷಗಳು ಬೇಕು. ನೀಲಿ ಗಿಡವಾದರೋ ಬಿತ್ತಿದ ಕೆಲವೇ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಕೊನೆಗೆ ಎರಡಕ್ಕೂ ಪೆಟ್ಟು ಬಿದ್ದದ್ದು ಜರ್ಮನಿಯಿಂದ. ರಸಾಯನವಿಜ್ಞಾನಿ ಅಡಾಲ್ಫ್ ಫಾನ್ ಬಾಯರ್ 1883ರಲ್ಲಿ ನೀಲಿಯ ಅಣುರಚನೆಯನ್ನು ಬಿಡಿಸಿಟ್ಟ. 1897ರಲ್ಲಿ ಬಿಎಎಸ್ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಎಲೆಯ ನೀಲಿಯ ವ್ಯಾಪಾರ ಅಲ್ಲಿಂದ ಇಳಿಮುಖವಾಯಿತು.

ಗೊಂಬೆಯ ಬಣ್ಣ ಬೇರೆಯದೇ

ಚನ್ನಪಟ್ಟಣಕ್ಕೆ ಆಲೆ ಬೇಕಾದದ್ದು ಎಲೆಗಾಗಿ ಅಲ್ಲ. ಮರದ ನಾರು ಸಣ್ಣದು, ಎಳೆ ಒಂದೇ ಸಮ, ಗಂಟು ಕಡಿಮೆ. ಉಳಿಗೆ ಬಾಗುತ್ತದೆ, ಸೀಳುವುದಿಲ್ಲ. ದಂತದ ಬಿಳುಪು ಇದೆ. ಇಂಥ ಮೈ ಸಿಕ್ಕರೆ ಅದರ ಮೇಲೆ ಹಚ್ಚಿದ ಹಳದಿ ಹಳದಿಯಾಗಿಯೇ ಕಾಣುತ್ತದೆ, ಕೆಂಪು ಕೆಂಪಾಗಿಯೇ. ಕಡಿದ ಮರವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಒಣಗಿಸಿದ ಮೇಲೆಯೇ ಲೇತ್‌ಗೆ ಏರಿಸುವುದು. ಹಸಿ ಮರದ ಗೊಂಬೆ ಒಣಗಿದಾಗ ಬಿರಿಯುತ್ತದೆ.

ಬಣ್ಣ ಹಿಡಿದಿಡುವುದು ಅರಗು. ಮರದ ಕೊಂಬೆಗಳಿಗೆ ಗುಂಪಾಗಿ ಅಂಟಿಕೊಂಡು ರಸ ಹೀರುವ ಅರಗಿನ ಹುಳು ತನ್ನ ಮೈ ಸುತ್ತ ಕಟ್ಟಿಕೊಳ್ಳುವ ರಾಳ ಅದು. ಕೆರಿಯಾ ಲ್ಯಾಕ್ಕಾ ಎಂಬುದು ಆ ಹುಳುವಿನ ಶಾಸ್ತ್ರೀಯ ಹೆಸರು. ರಾಳವನ್ನು ತೊಳೆದು, ಕಾಯಿಸಿ, ಮೆತ್ತಗಾದಾಗ ಬಣ್ಣದ ಪುಡಿ ಬೆರೆಸಿ, ಎಳೆದು ಮಡಚಿ ಮತ್ತೆ ಎಳೆದು, ಬಣ್ಣ ಒಂದೇ ಸಮ ಆದ ಮೇಲೆ ಕಡ್ಡಿ ಮಾಡುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಪುಡಿ, ಕಂದಿಗೆ ಕಾಚು, ಕಿತ್ತಳೆ-ಕೆಂಪಿಗೆ ರಂಗಮಾಲೆಯ ಬೀಜ. ಮಕ್ಕಳು ಗೊಂಬೆಯನ್ನು ಬಾಯಿಗಿಡುತ್ತಾರೆ ಎಂಬ ಎಚ್ಚರದಿಂದ ಈ ಗಿಡಮೂಲದ ಬಣ್ಣಗಳಿಗೆ ಮತ್ತೆ ಬೆಲೆ ಬಂದಿದೆ.

ಅರಗಿನ ಪದದ ಪಯಣ ಟಿಂಕ್ಟೋರಿಯಾದ ಪಯಣಕ್ಕೆ ಎದುರು ದಿಕ್ಕಿನದು. ಸಂಸ್ಕೃತದ 'ಲಾಕ್ಷಾ' ಪ್ರಾಕೃತದ ಮೂಲಕ 'ಲಾಖ್' ಆಗಿ, ವ್ಯಾಪಾರಿಗಳ ಜೊತೆ ಪಶ್ಚಿಮಕ್ಕೆ ಹೋಗಿ, ಮಧ್ಯಯುಗದ ಲ್ಯಾಟಿನ್ನಿನಲ್ಲಿ 'ಲ್ಯಾಕ್ಕಾ' ಆಯಿತು. ಇಂಗ್ಲಿಷಿನ 'ಲ್ಯಾಕ್', ಪೋರ್ಚುಗೀಸರ ಬಾಯಿಂದ ಬಂದ 'ಲ್ಯಾಕರ್' ಎರಡೂ ಇದರ ಮಕ್ಕಳು. ಮಹಾಭಾರತದ ಅರಗಿನ ಮನೆಯ ಹೆಸರಾದ ಲಾಕ್ಷಾಗೃಹದಲ್ಲಿ ಇರುವುದೂ ಇದೇ ಪದ. ಚನ್ನಪಟ್ಟಣದ ಒಂದು ಬುಗುರಿಯಲ್ಲಿ ಒಳಗಿನ ಮರಕ್ಕೆ ಲ್ಯಾಟಿನ್ ಹೆಸರು ಪಶ್ಚಿಮದಿಂದ ಬಂತು, ಮೇಲಿನ ಹೊಳಪಿನ ಹೆಸರು ಇಲ್ಲಿಂದ ಪಶ್ಚಿಮಕ್ಕೆ ಹೋಯಿತು.

> ಊರು ಮತ್ತು ಕಸುಬು
>
> ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ಕಲಿಸಿದ ಎಂಬುದು ಜನ ನಂಬಿಕೊಂಡು ಬಂದ ಮಾತು. ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ವಿಧಾನಗಳನ್ನು ತಂದು ಕಸುಬನ್ನು ಬೆಳೆಸಿದ ಬಾವಾಸ್ ಮಿಯಾ ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದು ಗೌರವಿಸುತ್ತಾರೆ.
>
> 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮತ್ತು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುವುದನ್ನು ದಾಖಲಿಸಿದ. ಮುಂದೆ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ರಾಕ್ಸ್‌ಬರ್ಗ್ ನಂತರ ಆ ಹುದ್ದೆಗೆ ಬಂದವನೂ ಇದೇ ಬುಕಾನನ್.
>
> ಚನ್ನಪಟ್ಟಣದ ಗೊಂಬೆಗಳಿಗೆ 2005–06ನೇ ಸಾಲಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಇತರ ಟಿಂಕ್ಟೋರಿಯಾಗಳು

ಬಣ್ಣಗಾರರ ವಿಶೇಷಣ ಹೊತ್ತ ಗಿಡ ಆಲೆ ಒಂದೇ ಅಲ್ಲ. ಅವುಗಳಲ್ಲಿ ಹೆಚ್ಚು ಕುತೂಹಲದ್ದು ಕುಸುಬೆ.

ವಿಜಯಪುರ, ಕಲಬುರಗಿ, ಬೀದರ್, ಗದಗ ಭಾಗದ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಕುಸುಬೆಗೆ ಲಿನೇಯಸ್ ಇಟ್ಟ ಹೆಸರು ಕಾರ್ಥಾಮುಸ್ ಟಿಂಕ್ಟೋರಿಯುಸ್. ಕಾರ್ಥಾಮುಸ್ ಪುಲ್ಲಿಂಗ, ಹಾಗಾಗಿ ಪುಲ್ಲಿಂಗದ ಬಾಲ. ಇಂದು ಎಣ್ಣೆಗಾಗಿ ಬೆಳೆಯುವ ಈ ಮುಳ್ಳುಗಿಡ ಒಂದು ಕಾಲಕ್ಕೆ ಹೂವಿಗಾಗಿ ಬೇಕಾಗಿತ್ತು. ಒಂದೇ ಎಸಳಿನಲ್ಲಿ ಎರಡು ಬಣ್ಣ ಇವೆ. ಹಳದಿ ನೀರಿಗೆ ಬಿಡುತ್ತದೆ, ಕೆಂಪು ಬಿಡುವುದಿಲ್ಲ. ಮೊದಲು ಹೂವನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಹಳದಿಯನ್ನು ಕಳೆಯಬೇಕು. ಆಮೇಲೆ ಕ್ಷಾರದ ನೀರಿನಲ್ಲಿ ಕೆಂಪನ್ನು ಎಳೆದು, ಹುಳಿ ಹಾಕಿ ಬಟ್ಟೆಗೆ ಹತ್ತಿಸಬೇಕು. ಇಷ್ಟು ಕೆಲಸ ಬೇಡುವ ಹೂವಿಗೆ 'ಬಣ್ಣಗಾರರದು' ಎಂಬ ಮಾತು ಚೆನ್ನಾಗಿಯೇ ಒಪ್ಪುತ್ತದೆ.

ನೀಲಿ ಗಿಡ ಇಂಡಿಗೋಫೆರಾ ಟಿಂಕ್ಟೋರಿಯಾ. ಯುರೋಪಿನವರು ಭಾರತದ ನೀಲಿ ಬರುವ ಮೊದಲು ನೆಚ್ಚಿಕೊಂಡಿದ್ದ ವೋಡ್ ಗಿಡ ಇಸಾಟಿಸ್ ಟಿಂಕ್ಟೋರಿಯಾ. ಇವೆರಡೂ 1753ರ ಅದೇ ಗ್ರಂಥದವು. ಬೇರಿನ ತೊಗಟೆಯಿಂದ ಕೆಂಪು ಕೊಡುವ ಮಡ್ಡಿ ಮರವನ್ನು ರಾಕ್ಸ್‌ಬರ್ಗ್ ಮೊರಿಂಡಾ ಟಿಂಕ್ಟೋರಿಯಾ ಎಂದ.

ಈ ವಿಶೇಷಣವನ್ನು ಕಳೆದುಕೊಂಡ ಮರವೂ ಒಂದಿದೆ. ಕಾಯಿಯ ಮೇಲೆ ಕೆಂಪು ಪುಡಿ ಕಟ್ಟುವ, ರೇಷ್ಮೆಗೆ ಬಣ್ಣ ಕೊಡುತ್ತಿದ್ದ ಕುಂಕುಮದ ಮರಕ್ಕೆ ರಾಕ್ಸ್‌ಬರ್ಗ್ ಇಟ್ಟದ್ದು ರಾಟ್ಲೆರಾ ಟಿಂಕ್ಟೋರಿಯಾ ಎಂಬ ಹೆಸರು. ಅದೇ ಮರಕ್ಕೆ ಫ್ರೆಂಚ್ ವಿದ್ವಾಂಸ ಲಾಮಾರ್ಕ್ ಅದಕ್ಕೂ ಮೊದಲೇ ಫಿಲಿಪೀನ್ಸಿನ ಹೆಸರು ಸೇರಿಸಿ ಇಟ್ಟ ಹೆಸರೊಂದು ಇತ್ತು. ಮೊದಲು ಇಟ್ಟದ್ದೇ ಉಳಿಯಬೇಕು ಎಂಬ ನಿಯಮದಿಂದ ಇಂದು ಅದು ಮ್ಯಾಲೋಟುಸ್ ಫಿಲಿಪ್ಪೆನ್ಸಿಸ್. ಬಣ್ಣ ಕೊಡುವ ಮರದ ಹೆಸರಿನಿಂದ ಬಣ್ಣ ಹೋಗಿ ದೂರದ ದೇಶ ಉಳಿಯಿತು. ನಿಯಮ ನಿಯಮವೇ. ಆದರೂ ಇಲ್ಲಿ ನಷ್ಟವಾಯಿತು ಎನ್ನದೆ ವಿಧಿಯಿಲ್ಲ.

ಹೊಂಗನೂರಿನ ಬದುವಿನ ಮೇಲೆ

ಲ್ಯಾಟಿನ್ ಗುಣವಾಚಕಗಳನ್ನು ಕಲಿಯಲು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರು ಸಾಕು. ತೆಂಗು, ಮಾವು, ರಾಗಿ, ಹಿಪ್ಪುನೇರಳೆ ಈ ಸೀಮೆಯ ಬದುಕು. ಪ್ರತಿಯೊಂದರ ಶಾಸ್ತ್ರೀಯ ಹೆಸರಿನಲ್ಲೂ ಒಂದು ವಿಶೇಷಣ ಕುಳಿತಿದೆ. ಊರ ಹೆಸರು ಕೇಳಿದ ಕೂಡಲೇ ನೆನಪಾಗುವ ಹೊಂಗೆಯಿಂದಲೇ ತೊಡಗಬಹುದು.

ಹೊಂಗೆಯ ಎಲೆ ಎಂದು ನಾವು ಕೀಳುವುದು ನಿಜದಲ್ಲಿ ಎಲೆಯ ಒಂದು ಭಾಗ. ಒಂದು ದಂಟಿನ ಎರಡೂ ಪಕ್ಕಕ್ಕೆ ಜೋಡಿ ಜೋಡಿಯಾಗಿ, ತುದಿಗೊಂದು ಒಂಟಿಯಾಗಿ, ಐದೋ ಏಳೋ ಕಿರುಎಲೆಗಳು ಕೂಡಿದರೆ ಒಂದು ಪೂರ್ಣ ಎಲೆ. ಹಕ್ಕಿಯ ಗರಿಯ ಜೋಡಣೆಯೂ ಹೀಗೆಯೇ. ಲ್ಯಾಟಿನ್ನಿನಲ್ಲಿ ಗರಿ 'ಪಿನ್ನಾ', ಗರಿಯಂತಿರುವುದು 'ಪಿನ್ನಾಟುಸ್', ಇಂಗ್ಲಿಷಿನಲ್ಲಿ 'ಪಿನ್ನೇಟ್'.

ಲಿನೇಯಸ್ ಹೊಂಗೆಯನ್ನು 1753ರಲ್ಲಿ ಸಿಟಿಸುಸ್ ಪಿನ್ನಾಟುಸ್ ಎಂದ. 1899ರಲ್ಲಿ ಫ್ರಾನ್ಸಿನ ಪಿಯೆರ್ ಅದನ್ನು ಪೊಂಗಾಮಿಯಾ ಪಿನ್ನಾಟಾ ಮಾಡಿದ. ಪೊಂಗಾಮಿಯಾದಲ್ಲಿರುವುದು ತಮಿಳು, ಮಲಯಾಳಗಳ ಪುಂಗು, ಪೊಂಗು. ಕನ್ನಡದ ಹೊಂಗೆಯ ಒಡಹುಟ್ಟು. ಇತ್ತೀಚೆಗೆ ಮಿಲ್ಲೆಟಿಯಾ ಕುಲಕ್ಕೂ ಇದನ್ನು ಸೇರಿಸಿದ್ದುಂಟು. ನಾಮಪದ ಮತ್ತೆ ಮತ್ತೆ ಬದಲಾಯಿತು. ಗರಿ ಮಾತ್ರ ಉಳಿಯಿತು, ಬಾಲವಷ್ಟೇ 'ಟುಸ್'ನಿಂದ 'ಟಾ' ಆಯಿತು.

> ಹೊಲದಲ್ಲಿರುವ ವಿಶೇಷಣಗಳು
>
> ತೆಂಗು, ಕೊಕೊಸ್ ನ್ಯೂಸಿಫೆರಾ: ಕಾಯಿ ಹೊರುವುದು.
>
> ಮಾವು, ಮ್ಯಾಂಗಿಫೆರಾ ಇಂಡಿಕಾ: ಭಾರತದ್ದು. ಕುಲದ ಹೆಸರಿನಲ್ಲಿರುವ 'ಮ್ಯಾಂಗಿ' ತಮಿಳು, ಮಲಯಾಳಗಳ ಮಾಂಗಾ.
>
> ಹಿಪ್ಪುನೇರಳೆ, ಮೋರುಸ್ ಆಲ್ಬಾ: ಬಿಳಿಯದು. 'ಉಸ್' ಎಂದು ಮುಗಿದರೂ ಮೋರುಸ್ ಸ್ತ್ರೀಲಿಂಗ, ಏಕೆಂದರೆ ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಬಹುತೇಕ ಸ್ತ್ರೀಲಿಂಗ. ಅರಳಿ ಫೈಕಸ್ ರಿಲಿಜಿಯೋಸಾ ಆದದ್ದೂ ಇದರಿಂದಲೇ.
>
> ಶುಂಠಿ, ಜಿಂಜಿಬರ್ ಅಫಿಸಿನಾಲೆ: ಔಷಧದ ಅಂಗಡಿಗೆ ಸೇರಿದ್ದು.
>
> ರಾಗಿ, ಎಲುಸೈನ್ ಕೊರಕಾನಾ: ಲ್ಯಾಟಿನ್ ವೇಷ ತೊಟ್ಟ ಸಿಂಹಳ ಪದ. ಸಿಂಹಳದಲ್ಲಿ ರಾಗಿ 'ಕುರಕ್ಕನ್'.

ಇಂಗ್ಲಿಷಿನಲ್ಲಿ ಬಳಕೆ

ಟಿಂಕ್ಟೋರಿಯಲ್ ಎಂಬ ಇಂಗ್ಲಿಷ್ ಗುಣವಾಚಕ 17ನೇ ಶತಮಾನದಿಂದ ಬಳಕೆಯಲ್ಲಿದೆ. ದಿನದ ಮಾತಿಗೆ ಅದು ಎಂದೂ ಇಳಿಯಲಿಲ್ಲ. ಬಣ್ಣಬಣ್ಣದ ಸೀರೆಯನ್ನೋ ಸಂಜೆಯ ಆಕಾಶವನ್ನೋ ಟಿಂಕ್ಟೋರಿಯಲ್ ಎಂದರೆ ತಪ್ಪು. ಬಣ್ಣ ಇರುವುದಕ್ಕೆ ಈ ಪದ ಸಲ್ಲದು. ಬಣ್ಣ ಕೊಡುವ ಶಕ್ತಿಗೆ, ಬಣ್ಣ ಹತ್ತಿಸುವ ಕೆಲಸಕ್ಕೆ, ಬಣ್ಣಕ್ಕೆ ಒಂದು ವಸ್ತು ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ ಇದು ಮೀಸಲು.

ಬಣ್ಣದ ಉದ್ಯಮದಲ್ಲಿ 'ಟಿಂಕ್ಟೋರಿಯಲ್ ಸ್ಟ್ರೆಂತ್' ಎನ್ನುವುದು ನಿತ್ಯದ ಮಾತು. ಇಂತಿಷ್ಟು ತೂಕದ ಪುಡಿ ಎಷ್ಟು ಗಾಢ ಬಣ್ಣ ಕೊಡುತ್ತದೆ ಎಂಬುದರ ಅಳತೆ ಅದು. ಎರಡು ಕಂಪನಿಗಳ ಒಂದೇ ಕೆಂಪಿನಲ್ಲಿ ಯಾವುದು ಕಡಿಮೆ ಸುರಿದರೂ ಸಾಕಾಗುತ್ತದೋ ಅದರ ಶಕ್ತಿ ಹೆಚ್ಚು. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗುವ ರೇಷ್ಮೆಗೂಡು ನೂಲಾಗಿ ಬಣ್ಣದ ಮನೆಗೆ ಹೋದಾಗ ಈ ಲೆಕ್ಕ ಬರುತ್ತದೆ. ಅದಕ್ಕೆ ಮುಂಚೆ ನೂಲಿನ ಮೇಲಿನ ಅಂಟನ್ನು, ಅಂದರೆ ತೂಕದಲ್ಲಿ ಸುಮಾರು ಕಾಲು ಭಾಗದವರೆಗೂ ಇರುವ ಸೆರಿಸಿನ್ ಅನ್ನು, ಸಾಬೂನಿನ ಬಿಸಿನೀರಿನಲ್ಲಿ ಬಿಡಿಸಬೇಕು. ಅಂಟು ಉಳಿದಲ್ಲಿ ಬಣ್ಣ ಒಂದೇ ಸಮ ಏರುವುದಿಲ್ಲ.

ಪದ ಹೆಚ್ಚು ಕೆಲಸ ಮಾಡುವ ಇನ್ನೊಂದು ಜಾಗ ಆಸ್ಪತ್ರೆಯ ಪ್ರಯೋಗಾಲಯ. ಬಣ್ಣವಿಲ್ಲದ ಜೀವಕೋಶ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಬಣ್ಣ ಹಾಕಬೇಕು. ಯಾವ ಭಾಗ ಯಾವ ಬಣ್ಣವನ್ನು ಹಿಡಿಯುತ್ತದೆ ಎಂಬುದೇ ಅದರ ಟಿಂಕ್ಟೋರಿಯಲ್ ಗುಣ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ತನ್ನ ವೈದ್ಯಕೀಯ ಪ್ರಬಂಧವನ್ನು ಬರೆದದ್ದು ಇದೇ ವಿಷಯದ ಮೇಲೆ. ಬಣ್ಣ ಒಂದು ಕೋಶವನ್ನು ಆರಿಸಿ ಹಿಡಿಯುವುದಾದರೆ ಔಷಧವೂ ಹಾಗೆ ರೋಗಾಣುವನ್ನೇ ಆರಿಸಿ ಹಿಡಿಯಬಾರದೇಕೆ ಎಂಬ ಅವನ ಮುಂದಿನ ಆಲೋಚನೆಗೆ ಬೀಜ ಬಿದ್ದದ್ದು ಇಲ್ಲಿ.

1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಸ್ಟಿಯನ್ ಗ್ರಾಮ್ ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ ಹಾಕಿ, ಅಯೋಡಿನ್‌ನಿಂದ ಗಟ್ಟಿ ಮಾಡಿ, ಮದ್ಯಸಾರದಿಂದ ತೊಳೆದ. ಕೆಲವು ನೇರಳೆಯನ್ನು ಬಿಟ್ಟುಕೊಡಲಿಲ್ಲ, ಕೆಲವು ಬಿಟ್ಟುಕೊಟ್ಟವು. ಇಂದಿಗೂ ಲ್ಯಾಬ್ ವರದಿಯಲ್ಲಿ ಬರುವ ಗ್ರಾಮ್ ಪಾಸಿಟಿವ್, ಗ್ರಾಮ್ ನೆಗೆಟಿವ್ ಎಂಬ ವಿಂಗಡಣೆ ಅದೇ. ವೈದ್ಯರು ಆಂಟಿಬಯೋಟಿಕ್ ಆಯ್ಕೆ ಮಾಡುವಾಗ ಮೊದಲು ನೋಡುವ ಸುಳಿವುಗಳಲ್ಲಿ ಈ ಬಣ್ಣದ ಗುಣ ಒಂದು.

ಮರಕ್ಕೊಂದು ಫಲಕ

ಆಲೆ ಒಣ ಕಾಡಿನ ಮರ. ಕಲ್ಲು ಗುಡ್ಡದಲ್ಲೂ ಬೇರು ಬಿಡುತ್ತದೆ, ಬೇಸಿಗೆಯಲ್ಲಿ ಎಲೆ ಉದುರಿಸಿ ಬಿಳಿ ಹೂ ತುಂಬಿಕೊಳ್ಳುತ್ತದೆ. ತುದಿಯಲ್ಲಿ ಒಂದಕ್ಕೊಂದು ಅಂಟಿದ ಜೋಡಿ ಕಾಯಿಯಿಂದ ಅದನ್ನು ಗುರುತಿಸಬಹುದು. ಕಾಯಿ ಬಿರಿದಾಗ ರೇಷ್ಮೆಯಂಥ ಎಳೆ ಕಟ್ಟಿಕೊಂಡ ಬೀಜ ಗಾಳಿಯಲ್ಲಿ ಹಾರುತ್ತದೆ. ಹೊಲದ ಬದುವಿಗೆ, ಕೆರೆಯ ಏರಿಗೆ, ಗೋಮಾಳಕ್ಕೆ ಹೊಂದುವ ಮರ. ಗೊಂಬೆಯ ಕಸುಬು ಉಳಿಯಬೇಕಾದರೆ ಈ ಮರ ಹತ್ತಿರದಲ್ಲಿ ಬೆಳೆಯಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಶಾಲೆಗಳ ಅಂಗಳದಲ್ಲಿ ವನಮಹೋತ್ಸವದ ದಿನ ಸಸಿ ನೆಡುತ್ತಾರೆ. ಮರಗಳಿಗೆ ಹೆಸರಿನ ಫಲಕ ಹಾಕುವ ಶಾಲೆಗಳೂ ಇವೆ. ಸಾಮಾನ್ಯವಾಗಿ ಆ ಫಲಕದಲ್ಲಿ ಕನ್ನಡದ ಹೆಸರಿನ ಕೆಳಗೆ ಲ್ಯಾಟಿನ್ ಹೆಸರು ಇರುತ್ತದೆ, ಅದರ ಅರ್ಥ ಇರುವುದಿಲ್ಲ. ಮಕ್ಕಳು ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ.

ಇನ್ನೊಂದು ಸಾಲು ಸೇರಿಸಲು ಖರ್ಚಿಲ್ಲ. ಹೊಂಗೆಯ ಕೆಳಗೆ 'ಗರಿಯಂಥ ಎಲೆಯದು', ತೆಂಗಿನ ಕೆಳಗೆ 'ಕಾಯಿ ಹೊರುವುದು', ಆಲೆಯ ಕೆಳಗೆ 'ಬಣ್ಣಗಾರರದು' ಎಂದು ಬರೆಯಲಿ. ಈ ಮಳೆಗಾಲ ಸಸಿ ನೆಡುವ ಶಾಲೆಗಳ ಶಿಕ್ಷಕರು ಒಂದು ಆಲೆ ಸಸಿಯನ್ನೂ ನೆಟ್ಟು, ಅದಕ್ಕೊಂದು ಇಂಥ ಫಲಕವನ್ನೂ ಹಾಕಲಿ.